ವಿಡಿಯೋದಲ್ಲಿ ಉಳಿದ ದನಿ

ಅಂಗಡಿಯವರು, ಬ್ಯೂಟಿ ಪಾರ್ಲರಿನವರು, ಮನೆಯಲ್ಲೇ ತಿಂಡಿ ಮಾಡಿ ಮಾರುವವರು, ಇಂಥವರ ಸೋಷಿಯಲ್ ಮೀಡಿಯಾ ಪೇಜುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕೆಂಪಾಪುರದ ಬಾಡಿಗೆ ಮನೆಯಲ್ಲಿ ಕೂತು ಅವರ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹೊತ್ತು ನೋಡಿ ಹಾಕುತ್ತೇನೆ. ಹೆಚ್ಚಿನವರನ್ನು ಎದುರಿಗೆ ಕಂಡೇ ಇಲ್ಲ. ಅಡುಗೆ ವಿಡಿಯೋ ಮಾಡುತ್ತಿದ್ದ ಮತ್ತಿಕೆರೆಯ ಆಂಟಿಯ ಮನೆಗೆ ಮಾತ್ರ ಆಗಾಗ ಹೋಗುತ್ತಿದ್ದೆ. ಅವರಿಗೆ ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

ಅವರ ಮನೆಯ ಮೇಲಿನ ರೂಮುಗಳಲ್ಲಿ ಕಾಲೇಜು ಹುಡುಗರು ಬಾಡಿಗೆಗಿದ್ದರು. ಒಂದು ಸ್ಟೌ ಇಟ್ಟುಕೊಂಡು ಪರದಾಡುತ್ತಿದ್ದ ಹುಡುಗರಿಗಾಗಿ ಆಂಟಿ ಶುರುಮಾಡಿದ ಆ ವಿಡಿಯೋಗಳನ್ನು ಆಮೇಲೆ ಎಲ್ಲೆಲ್ಲಿಯವರೋ ನೋಡತೊಡಗಿದರು. ಸಾರು, ಪಲ್ಯಕ್ಕಿಂತ ಹೆಚ್ಚಾಗಿ ಜನ ಬರುತ್ತಿದ್ದುದು ಆಂಟಿಯ ದನಿಗೆ. ಕೊನೆಯಲ್ಲಿ ಅವರು ಊಟ ಆಯ್ತಾ ಎಂದು ಕೇಳಿದರೆ, ಕಾಮೆಂಟಿನಲ್ಲಿ ನಿಜವಾಗಿಯೂ ಉತ್ತರ ಬರೆಯುವವರಿದ್ದರು.

ಹೋದ ವರ್ಷ ಅವರ ಗಂಟಲು ಕಟ್ಟಿತು. ಶೀತವೆಂದುಕೊಂಡು ಕಷಾಯ ಕುಡಿದರು. ವಾಸಿಯಾಗದಿದ್ದಾಗ ಅವರ ಯಜಮಾನರು ಬಲವಂತ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕ್ಯಾನ್ಸರ್ ಧ್ವನಿಪೆಟ್ಟಿಗೆಯನ್ನು ಹಿಡಿದಿತ್ತು. ಅದನ್ನು ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಜೀವ ಉಳಿಯಿತು. ಉಸಿರಾಡಲು ಕತ್ತಿನಲ್ಲಿ ಒಂದು ತೂತು, ಅದರ ಮೇಲೊಂದು ತೆಳು ಬಟ್ಟೆ. ದನಿ ಹೋಯಿತು.

ಮನೆಗೆ ಬಂದ ಮೇಲೆ ಅಂಕಲ್ ನನಗೆ ಫೋನ್ ಮಾಡಿದರು. ಮಾತು ಕಡಿಮೆಯ ಮನುಷ್ಯ. ಈಗ ಯಾರ ದನಿಯನ್ನು ಬೇಕಾದರೂ ಕಂಪ್ಯೂಟರಿನಲ್ಲಿ ಮಾಡಬಹುದಂತೆ, ಹಳೆಯ ವಿಡಿಯೋಗಳಿಂದ ಇವಳದ್ದೂ ಆಗುತ್ತಾ ಎಂದು ಕೇಳಿದರು. ಆಗುತ್ತದೆ ಎಂದೆ. ಅಂಥ ಟೂಲ್‌ಗಳನ್ನು ನಮ್ಮ ಕೆಲಸದವರು ದಿನಾ ಬಳಸುತ್ತಾರೆ. ಆಂಟಿಯನ್ನು ಕೇಳಿದ್ದಕ್ಕೆ, ಮಾಡು ಪುಟ್ಟಿ ನೋಡೋಣ ಎಂದು ಮೆಸೇಜ್ ಬಂತು.

ಹಳೆಯ ವಿಡಿಯೋಗಳಿಂದ ದನಿ ಮಾಡಿಕೊಂಡು, ಒಂದು ಮಧ್ಯಾಹ್ನ ಲ್ಯಾಪ್‌ಟಾಪ್ ತೆಗೆದುಕೊಂಡು ಹೋದೆ. ಬೇಕಾದ್ದನ್ನು ಟೈಪ್ ಮಾಡಿ ಎಂದೆ. ಆಂಟಿ ತುಸು ಯೋಚಿಸಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ರೀ, ಮಾತ್ರೆ ತಗೊಂಡ್ರಾ ಎಂದು ಅವರ ದನಿಯೇ ನಡುಮನೆಯಲ್ಲಿ ಕೇಳಿತು. ಆಂಟಿ ಗಂಡನ ಮುಖವನ್ನೇ ನೋಡುತ್ತಿದ್ದರು. ಅಂಕಲ್ ಇನ್ನೊಮ್ಮೆ ಹಾಕಿಸಿ ಕೇಳಿದರು.

"ಇದು ವಿಡಿಯೋ ದನಿ ಕಣಮ್ಮ," ಎಂದರು. "ನನ್ ಹತ್ರ ಇವಳು ಹಿಂಗ್ ಮಾತಾಡ್ತಿರ್ಲಿಲ್ಲ."

ನಿಜವೇ. ಕ್ಯಾಮೆರಾ ಆನ್ ಆದೊಡನೆ ಆಂಟಿಯ ದನಿ ಮೇಲೇರಿ ಅರಳುತ್ತಿತ್ತು. ಗಂಡನ ಜೊತೆಗಿನ ದನಿ ಬೇರೆ: ತಗ್ಗಿನದು, ಸ್ವಲ್ಪ ಸಿಡುಕಿನದು, ಅರ್ಧ ಹೇಳಿ ಅರ್ಧ ಬಿಡುವಂಥದ್ದು. ಶೂಟಿಂಗಿನ ನಡುವೆ ಅವರು ಗಂಡನಿಗೆ ಕಿಟಕಿ ಹಾಕಿ, ಫ್ಯಾನ್ ಆರಿಸಿ ಎಂದದ್ದನ್ನೆಲ್ಲ ನಾನು ಕತ್ತರಿಸಿ ತೆಗೆಯುತ್ತಿದ್ದೆ. ಮನೆಗೆ ಬಂದು ಹಾರ್ಡ್ ಡಿಸ್ಕ್ ಪೂರ್ತಿ ಹುಡುಕಿದೆ. ಆ ತುಣುಕುಗಳು ಒಂದೂ ಇರಲಿಲ್ಲ. ಜಾಗಕ್ಕಾಗಿ ಅವನ್ನು ಅಳಿಸುವುದು ನಮ್ಮಲ್ಲಿ ಮಾಮೂಲು. ಅಂಕಲ್ ಫೋನಿನಲ್ಲೂ ಏನೂ ಸಿಗಲಿಲ್ಲ. ಒಂದೇ ಮನೆಯಲ್ಲಿರುವವರು ಒಬ್ಬರಿಗೊಬ್ಬರು ವಾಯ್ಸ್ ಮೆಸೇಜ್ ಯಾಕೆ ಕಳಿಸುತ್ತಾರೆ?

ಆ ಕಂಪ್ಯೂಟರ್ ದನಿಯಲ್ಲೇ ಪೇಜ್ ಮುಂದುವರಿಸಬಹುದಿತ್ತು. ಆಂಟಿಯೇ ಬೇಡವೆಂದರು. ಕತ್ತಿಗೆ ಬಟ್ಟೆ ಕಟ್ಟಿಕೊಂಡು ಅವರೆಕಾಳು ಸಾರಿನ ವಿಡಿಯೋ ಮಾಡಿಸಿದರು. ಮಾತಿಲ್ಲ, ಒಗ್ಗರಣೆಯ ಸದ್ದಷ್ಟೇ. ಯಾಕೆ ಮಾತಿಲ್ಲ ಎಂಬುದನ್ನು ಕೆಳಗೆ ಬರೆಸಿದರು. ಅದನ್ನು ನೋಡಿ ಎಷ್ಟೋ ಜನ ಸಂಕಟಪಟ್ಟು ಬರೆದರು. ಮುಂದಿನ ವಿಡಿಯೋಗೆ ಕಡಿಮೆ ಜನ ಬಂದರು, ಅದರ ಮುಂದಿನದಕ್ಕೆ ಇನ್ನೂ ಕಡಿಮೆ. ಸಾಕು ಎಂದು ಆಂಟಿಯೇ ಕೈಸನ್ನೆ ಮಾಡಿದರು.

ಕೆಲಸವಿಲ್ಲದಿದ್ದರೂ ಈಗಲೂ ಹೋಗುತ್ತೇನೆ. ಅಂಕಲ್ ಹೆಂಡತಿಯ ತುಟಿ ನೋಡಿ ಮಾತು ಹಿಡಿಯಲು ಕಲಿಯುತ್ತಿದ್ದಾರೆ. ನನಗೂ ಅಷ್ಟಿಷ್ಟು ತಿಳಿಯುತ್ತದೆ. ಮೊನ್ನೆ ಹೊರಡುವಾಗ ಆಂಟಿ ಬಾಗಿಲಲ್ಲಿ ನನ್ನ ಕೈ ಹಿಡಿದು ಏನೋ ಹೇಳಿದರು. ಉದ್ದದ ಮಾತು. ನನಗೆ ಗೊತ್ತಾಗಲಿಲ್ಲ. ಅಂಕಲ್ ಕಡೆ ನೋಡಿದೆ; ಅವರಿಗೂ ಗೊತ್ತಾಗಿರಲಿಲ್ಲ. ಫೋನಿನಲ್ಲಿ ಬರೆಯಿರಿ ಆಂಟಿ ಎಂದೆ. ಫೋನ್ ಕೈಗೆತ್ತಿಕೊಂಡು ಏನೋ ಒತ್ತಿದರು, ಅಳಿಸಿದರು. ಇರಲಿ ಬಿಡು ಎನ್ನುವಂತೆ ನನ್ನ ಕೆನ್ನೆ ತಟ್ಟಿ ಒಳಗೆ ಹೋದರು.