ಅತ್ತೆ ಹೊಲಿದ ಪುಸ್ತಕ

ಬಿಟ್ಟಿ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಪೈಕಿ ನಾನಲ್ಲ. ಈಗ ಅಲ್ಲ. ಒಂದು ಕಾಲದಲ್ಲಿ ಇದ್ದೆ, ಒಪ್ಪಿಕೊಳ್ಳುತ್ತೇನೆ. ಈಗ ಯಾರಾದರೂ ‘ಫ್ರೀ ಮೇಡಂ’ ಅಂದರೆ ಸಾಕು, ಕೈ ತಾನಾಗಿ ಪರ್ಸಿನ ಜಿಪ್ಪು ಎಳೆದು ಭದ್ರ ಮಾಡುತ್ತದೆ. ಈ ಬುದ್ಧಿ ಬಂದದ್ದು ನನ್ನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ, ಸ್ಕೂಲಿನಿಂದ ಒಂದು ಓದುವ ಕಾರ್ಡು ತಂದ ವರ್ಷ.

ಆಗ ನಾವು ಮದ್ರಾಸಿನ ವೇಲಚೇರಿಯಲ್ಲಿ, ಎರಡನೇ ಮಹಡಿಯ ಫ್ಲಾಟಿನಲ್ಲಿದ್ದೆವು. ಯಜಮಾನರು ಇನ್ಶೂರೆನ್ಸ್ ಆಫೀಸಿನಲ್ಲಿ, ನಾನು ಮನೆಯಲ್ಲಿ, ಮಗಳು, ಮತ್ತೆ ನಮ್ಮತ್ತೆ. ಕಾರ್ಡಿನಲ್ಲಿ ಮೂವತ್ತು ಸಾಲು. ಪ್ರತಿ ಸಾಲಿನಲ್ಲೂ ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಎಷ್ಟು ಪುಟ, ಕೊನೆಗೆ ಅಪ್ಪನದೋ ಅಮ್ಮನದೋ ಸಹಿ. ಹತ್ತು ಪುಸ್ತಕ ಓದಿದ ಮಗುವಿಗೆ ಒಂದು ಪಿಜ್ಜಾ ಬಿಟ್ಟಿ, ಇಪ್ಪತ್ತಕ್ಕೆ ಇನ್ನೊಂದು. ಮೂವತ್ತು ಓದಿದರೆ ಎಲ್ಲರ ಮುಂದೆ ಸ್ಟೇಜಿನ ಮೇಲೆ ಮೆಡಲ್. ಇದಕ್ಕೆಲ್ಲ ದುಡ್ಡು ಹಾಕುತ್ತಿದ್ದವರು ಬೆಸೆಂಟ್ ನಗರದಲ್ಲಿ ಹೊಸದಾಗಿ ತೆರೆದಿದ್ದ ಪಿಜ್ಜಾ ಅಂಗಡಿಯವರು. ಮಕ್ಕಳು ಓದಲಿ ಅಂತ ಯಾರೋ ಪುಣ್ಯಾತ್ಮರು ದುಡ್ಡು ಹಾಕುತ್ತಿದ್ದಾರಲ್ಲ ಅಂತ ನಾನು ಎಷ್ಟು ಖುಷಿಪಟ್ಟೆ ಅಂದರೆ, ಅವತ್ತೇ ಕಾರ್ಡನ್ನು ಫ್ರಿಜ್ಜಿಗೆ ಅಂಟಿಸಿದೆ.

ನಮ್ಮತ್ತೆಯವರ ವಿಷಯ ಹೇಳಬೇಕು. ಮೈಸೂರಿನಿಂದ ಮದುವೆಯಾಗಿ ಮದ್ರಾಸಿಗೆ ಬಂದು ನಲವತ್ತು ವರ್ಷ ದಾಟಿತ್ತು ಅವರಿಗೆ. ತರಕಾರಿಯವನ ಜೊತೆ ತಮಿಳಿನಲ್ಲಿ ಜಗಳ, ದೇವರ ಜೊತೆ ಕನ್ನಡದಲ್ಲಿ ಜಗಳ. ಈ ಊರಿನಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗಬೇಕು? ಎರಡು ದಿನ ತಡವಾಗಿ ಬರುತ್ತಿದ್ದ ವಾರಪತ್ರಿಕೆಯೇ ಗತಿ. ಅದರಲ್ಲಿ ಬರುವ ಧಾರಾವಾಹಿಯ ಹಾಳೆಗಳನ್ನು ಅತ್ತೆ ವಾರವಾರ ಬ್ಲೇಡಿನಲ್ಲಿ ಕತ್ತರಿಸಿ ಇಡುತ್ತಿದ್ದರು. ಕಥೆ ಮುಗಿದ ಮೇಲೆ ದಬ್ಬಳದಲ್ಲಿ ದಪ್ಪ ದಾರ ಪೋಣಿಸಿ ಹೊಲಿದು, ಸೀರೆ ಡಬ್ಬಿಯ ರಟ್ಟನ್ನು ಮೇಲೆ ಹಾಕಿ, ಗೋಂದು ಬಳಿದು, ಕಥೆಯ ಹೆಸರನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದರು. ಅಂಥ ಹದಿನೇಳು ಪುಸ್ತಕ ಒಂದು ಟ್ರಂಕಿನಲ್ಲಿದ್ದವು. ನಮ್ಮ ಮನೆಯಲ್ಲಿ ಚಿನ್ನ ಇದ್ದ ಡಬ್ಬಿಗಿಂತ ಆ ಟ್ರಂಕಿಗೆ ಕಾವಲು ಜಾಸ್ತಿ.

ಆಮೇಲೆ ಕಣ್ಣಿನ ನರ ಒಣಗಿತು. ಬೆಳಕು ಗೊತ್ತಾಗುತ್ತದೆ, ಆಳು ಗೊತ್ತಾಗುತ್ತದೆ, ಅಕ್ಷರ ಮಾತ್ರ ಕಾಣಿಸುವುದಿಲ್ಲ. ಅಷ್ಟರೊಳಗೆ ಮೊಮ್ಮಗಳಿಗೆ ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಅ ಆ ಇ ಈ ತಿದ್ದಿಸಿದ್ದರು, ಅದೇ ಕಡೆಗೆ ಅವರ ಕೈ ಹಿಡಿಯಿತು. ನನ್ನ ಮಗಳು ದಿನವೆಲ್ಲ ತಮಿಳು, ಇಂಗ್ಲಿಷು. ನಾನು ಕನ್ನಡದಲ್ಲಿ ಬೈದರೆ ಅವಳು ತಮಿಳಿನಲ್ಲಿ ತಿರುಗಿ ಬೀಳುತ್ತಿದ್ದಳು. ಆದರೆ ಸಾಯಂಕಾಲ ಐದು ಗಂಟೆಗೆ ಹಾಲು ಕುಡಿದು, ಹೂಬತ್ತಿ ಹೊಸೆಯುತ್ತಿದ್ದ ಅಜ್ಜಿಯ ಪಕ್ಕ ಕೂತು ದಿನಕ್ಕೊಂದು ಕಂತು ಓದುತ್ತಿದ್ದಳು. ಒತ್ತಕ್ಷರ ಬಂದರೆ ಎಡವುತ್ತಿದ್ದಳು, ಅಜ್ಜಿ ಎತ್ತಿ ನಿಲ್ಲಿಸುತ್ತಿದ್ದರು. ಮಧ್ಯೆ ಮಧ್ಯೆ ಪಂಚಾಯಿತಿ ಬೇರೆ.

“ಆ ಸೊಸೆ ಯಾಕಜ್ಜಿ ಬಾಯೇ ಬಿಡಲ್ಲ?”

“ಬಾಯಿ ಬಿಟ್ಟಿದ್ರೆ ಕಥೆ ಎರಡು ವಾರಕ್ಕೆ ಮುಗಿದುಹೋಗ್ತಿತ್ತು ಕಣೇ. ಪತ್ರಿಕೆಯೋನು ಏನು ಮಾಡ್ಬೇಕು ಪಾಪ?”

ಕಾರ್ಡು ಬಂದಾಗ ಇಬ್ಬರೂ ಒಂದು ಕಥೆಯ ಹತ್ತೊಂಬತ್ತನೇ ಕಂತಿನಲ್ಲಿದ್ದರು. ಕಥೆಯ ಸೊಸೆ ಮನೆ ಬಿಟ್ಟು ಹೋಗಲು ರೈಲಿಗೆ ಕಾಯುತ್ತಾ ಪ್ಲಾಟ್‌ಫಾರಂನಲ್ಲಿ ನಿಂತಿದ್ದಳು. ಪಾಪ, ಎರಡು ತಿಂಗಳು ಅಲ್ಲೇ ನಿಂತಳು. ಯಾಕೆಂದರೆ ನನ್ನ ಮಗಳು ಲೆಕ್ಕ ಹಾಕಿಬಿಟ್ಟಿದ್ದಳು. “ಅಜ್ಜಿ, ಇದು ಒಂದು ಮುಗಿಯೋದ್ರೊಳಗೆ ಅಲ್ಲಿ ಎಂಟು ಮುಗಿಯುತ್ತೆ” ಅಂದಳು. ಅಜ್ಜಿ, “ಓದ್ಕೋ ಹೋಗು ಪುಟ್ಟಿ, ನನ್ನ ಕಥೆ ಎಲ್ಲಿ ಓಡಿಹೋಗುತ್ತೆ” ಅಂದರು.

ಸ್ಕೂಲ್ ಲೈಬ್ರರಿಯಲ್ಲಿ ವಾರಕ್ಕೆ ಒಂದೇ ಪುಸ್ತಕ. ಮೂವತ್ತು ಎಲ್ಲಿಂದ ಬರಬೇಕು? ನಮ್ಮ ಬೀದಿಯ ತುದಿಯ ಲೆಂಡಿಂಗ್ ಲೈಬ್ರರಿಗೆ ಡಿಪಾಸಿಟ್ ಕಟ್ಟಿ ಮೆಂಬರಾದೆವು. ಆ ಅಂಗಡಿಯವನೂ ಚಾಲಾಕಿ, ಮೂವತ್ತೆರಡು ಪುಟ ಮೀರದ ಪುಸ್ತಕಗಳನ್ನೆಲ್ಲ ಒಂದು ಕಡೆ ಜೋಡಿಸಿಟ್ಟಿದ್ದ. ಮಕ್ಕಳು ಬಂದು ಹೆಸರು ನೋಡುತ್ತಿರಲಿಲ್ಲ, ಬೆನ್ನು ನೋಡುತ್ತಿದ್ದರು, ಎಷ್ಟು ತೆಳ್ಳಗಿದೆ ಅಂತ. ನನ್ನ ಮಗಳು ಮೊದಲು ಒಂದೇ ಪುಸ್ತಕವನ್ನು ನಾಲ್ಕು ಸಲ ಓದುವವಳು. ಈಗ ಎರಡನೇ ಸಲ ಕೈಗೆತ್ತಿಕೊಂಡರೆ ನಷ್ಟ.

ಹತ್ತು ಮುಗಿದಾಗ ಕೂಪನ್ ಬಂತು. ಅದರ ಹಿಂದೆ ಇರುವೆ ಅಕ್ಷರದಲ್ಲಿ ಷರತ್ತು: ಸೋಮವಾರದಿಂದ ಗುರುವಾರ, ಸಾಯಂಕಾಲ ಆರರೊಳಗೆ, ಕುಟುಂಬ ಸಮೇತ. ಯಜಮಾನರು ಅರ್ಧ ದಿನ ರಜೆ ಹಾಕಿದರು. ಹೊರಗೆ ನೀರೂ ಮುಟ್ಟದ ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೊರಟೆವು. ಯಾಕೆಂದರೆ ಕುಟುಂಬದ ಫೋಟೋ ತೆಗೆಯುತ್ತಾರೆ, ಅಜ್ಜಿ ಬೇಕೇ ಬೇಕು ಅಂತ ಮಗಳ ಹಟ. ಬಿಟ್ಟಿ ಪಿಜ್ಜಾ ನನ್ನ ಅಂಗೈಯಷ್ಟಿತ್ತು. ಅದರ ಮುಂದೆ ಮೂರು ಜನ ದೊಡ್ಡವರು ಬರಿಗೈಯಲ್ಲಿ ಕೂತರೆ ಮರ್ಯಾದೆಯೇ? ‘ನಿಮಗೇನು ಸಾರ್’ ಅಂತ ಆ ಹುಡುಗಿ ಪೆನ್ಸಿಲ್ ಹಿಡಿದು ನಿಂತಿದ್ದಳು. ತೆಗೆದುಕೊಂಡೆವು, ಇನ್ನೇನು. ಆ ಬಿಲ್ಲಿನಲ್ಲಿ ಲೈಬ್ರರಿಯಿಂದ ಬಾಡಿಗೆ ತಂದ ಹತ್ತೂ ಪುಸ್ತಕವನ್ನು ಹೊಸದಾಗೇ ಕೊಂಡುಕೊಳ್ಳಬಹುದಿತ್ತು. ಅತ್ತೆ ಮನೆಯಿಂದ ತಂದ ಸ್ಟೀಲ್ ಬಾಟಲಿಯ ನೀರು ಕುಡಿಯುತ್ತಾ, ಈರುಳ್ಳಿ ವಾಸನೆಗೆ ಸೆರಗು ಮೂಗಿಗೆ ಹಿಡಿದು ಕೂತಿದ್ದರು. ಫೋಟೋಗೆ ಎಲ್ಲರಿಗೂ ಅಂಗಡಿಯ ಹೆಸರಿನ ಟೋಪಿ ಹಾಕಿದರು. ನಾನೂ ಹಾಕಿಕೊಂಡೆ. ಟೋಪಿ ಹಾಕಿಸಿಕೊಂಡು ಹಲ್ಲು ಬೇರೆ ಕಿರಿದಿದ್ದೇನೆ. ಎರಡನೇ ಕೂಪನ್ನಿಗೂ ಹೋದೆವು. ಮಾನ ಮರ್ಯಾದೆ ಇದ್ದವರು ಹೋಗುತ್ತಾರೆಯೇ? ಹೋದೆವು.

ಇನ್ನು ಸಹಿಯ ಕಥೆ. ಮೊದಲ ನಾಲ್ಕು ಪುಸ್ತಕಕ್ಕೆ ನಾನು ಪಕ್ಕದಲ್ಲಿ ಕೂರಿಸಿ, ಕಥೆ ಹೇಳಿಸಿ ಸಹಿ ಹಾಕಿದೆ. ಆಮೇಲೆ? ಬೆಳಗ್ಗೆ ಏಳೂವರೆಗೆ ಕುಕ್ಕರ್ ಕೂಗುತ್ತಿರುತ್ತದೆ, ಯಜಮಾನರು ಕರ್ಚೀಫ್ ಎಲ್ಲಿ ಅಂತ ಕೂಗುತ್ತಿರುತ್ತಾರೆ, ಇವಳು ಕಾರ್ಡು ಹಿಡಿದು “ಸೈನ್ ಪೋಡುಮ್ಮಾ, ವ್ಯಾನ್ ಬಂದುಬಿಡುತ್ತೆ” ಅಂತ ಕೂಗುತ್ತಿರುತ್ತಾಳೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಗೀಚಿಬಿಡುತ್ತಿದ್ದೆ. ಓದಿದ್ಯೇನೇ ಅಂತ ಕೇಳುತ್ತಲೂ ಇರಲಿಲ್ಲ. ಕೇಳಿದರೆ ಅವಳು ಸುಳ್ಳು ಹೇಳಬೇಕಾಗುತ್ತದೆ ಅಂತ ನನಗೆ ಗೊತ್ತಿತ್ತು. ಬೇರೆ ಹೊತ್ತಿನಲ್ಲಿ ಸತ್ಯ ಹೇಳಬೇಕು ಪುಟ್ಟಿ ಅಂತ ಉಪದೇಶ ಮಾಡುವವಳೂ ನಾನೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ.

ಐದು ಗಂಟೆಗೆ ಅತ್ತೆ ಅದೇ ಜಾಗದಲ್ಲಿ ಆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಕರೆಯುತ್ತಿರಲಿಲ್ಲ. ಒಂದು ದಿನ ನೋಡಲಾರದೆ, ನಾನೇ ಓದ್ತೀನಿ ಕೊಡಿ ಅತ್ತೆ ಅಂದೆ. ಅರ್ಧ ಪುಟ ಕೇಳಿ, “ಬೇಡ ಕಣಮ್ಮಾ, ನೀನು ಓದಿದ್ರೆ ರೇಡಿಯೋದಲ್ಲಿ ವಾರ್ತೆ ಕೇಳಿದ ಹಾಗಿರುತ್ತೆ. ಅವಳೇ ಬರಲಿ” ಅಂದರು. ನನಗೆ ಸಿಟ್ಟು ಬಂತು. ಯಾರ ಮೇಲೆ? ಕಾರ್ಡಿನ ಮೇಲಲ್ಲ, ಅತ್ತೆಯ ಮೇಲೆ. ಮಗು ಮುಂದೆ ಬರುತ್ತಿದೆ, ಇವರದೊಂದು ಅಂತ. ಆ ಸಿಟ್ಟನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯಿತು. ವೇಲಚೇರಿಯಲ್ಲಿ ಮಳೆ ಅಂದರೆ ಗೊತ್ತಲ್ಲ, ಕೆಳಮನೆಯವರ ಸೋಫಾ ನಮ್ಮ ವರಾಂಡಕ್ಕೆ ಬಂತು. ನಾಲ್ಕು ದಿನ ಸ್ಕೂಲಿಲ್ಲ, ಕರೆಂಟಿಲ್ಲ, ಟೀವಿಯಿಲ್ಲ. ಲೈಬ್ರರಿ ಬಾಗಿಲಲ್ಲಿ ಮೊಣಕಾಲುದ್ದ ನೀರು. ಕಾರ್ಡಿನಲ್ಲಿ ಇಪ್ಪತ್ತೊಂಬತ್ತು ಸಾಲು ತುಂಬಿತ್ತು. ಸ್ಕೂಲು ತೆರೆದ ದಿನವೇ ಕಾರ್ಡು ಕೊಡಬೇಕು, ಇನ್ನೊಂದೇ ಒಂದು ಪುಸ್ತಕ ಬೇಕು. ಮಗಳು ಒಂದು ದಿನ ಪೂರ್ತಿ ಅತ್ತಳು. ಎರಡನೇ ದಿನ, ಬೇರೆ ಗತಿಯಿಲ್ಲದೆ, ಬಾಲ್ಕನಿಯ ಬೆಳಕಿಗೆ ಅಜ್ಜಿಯ ಪುಸ್ತಕ ಹಿಡಿದು ಕೂತಳು.

ಹತ್ತೊಂಬತ್ತನೇ ಕಂತಿನಿಂದ ಶುರು. ಸೊಸೆ ಕೊನೆಗೂ ರೈಲು ಹತ್ತಿದಳು. ಮೊದಲ ಕಂತನ್ನು ಮುಖ ಊದಿಸಿಕೊಂಡು ಓದಿದವಳು, ಮುಂದಿನ ಕಂತಿಗೆ ಅಜ್ಜಿಯ ತೊಡೆಗೆ ಒರಗಿದ್ದಳು. ಮಿಕ್ಸಿ ಓಡದೆ ನನಗೂ ಕೆಲಸವಿಲ್ಲ, ಅಲ್ಲೇ ಅಕ್ಕಿ ಆರಿಸುತ್ತಾ ಕೂತೆ. ಮೂರು ದಿನಕ್ಕೆ ಮೂವತ್ತಾರನೇ ಕಂತೂ ಮುಗಿಯಿತು. ಕಡೇ ಕಂತಿನಲ್ಲಿ ಆ ಸೊಸೆ ಬಾಯಿ ಬಿಟ್ಟಳು ನೋಡಿ, ಅಬ್ಬಾ, ಮೂರೂ ಜನ ಮೂಗು ಒರೆಸಿಕೊಂಡೆವು. ಎರಡು ತಿಂಗಳಿಂದ ನನ್ನ ಮಗಳು ಹಾಗೆ ಓದಿದ್ದನ್ನು ನಾನು ಕೇಳಿರಲಿಲ್ಲ.

ಮೂವತ್ತನೇ ಸಾಲನ್ನು ಅವಳೇ ತುಂಬಿದಳು. ಪತ್ರಿಕೆಯ ಪುಟದ ನಂಬರು ವಾರಕ್ಕೊಂದು ಥರ ಇತ್ತು, ಹಾಗಾಗಿ ಒಂದೊಂದೇ ಪುಟ ಎಣಿಸಿ ಇನ್ನೂರ ಹದಿನಾರು ಅಂತ ಬರೆದಳು. ಪ್ರಕಾಶಕರು ಅನ್ನುವ ಕಡೆ ಅಜ್ಜಿಯ ಹೆಸರು, ಕೆಳಗೆ ನಮ್ಮ ಫ್ಲಾಟಿನ ನಂಬರು. ನಾನು ಕೈ ಒರೆಸಿಕೊಂಡು, ಕೂತು, ನಿಧಾನವಾಗಿ ಸಹಿ ಹಾಕಿದೆ.

ಸ್ಕೂಲು ತೆರೆದ ದಿನ ಕಾರ್ಡು ವಾಪಸ್ ಬಂತು. ಮೂವತ್ತನೇ ಸಾಲಿನ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ‘ಪುಸ್ತಕವಲ್ಲ’ ಅಂತ ಇಂಗ್ಲಿಷಿನಲ್ಲಿ. ನನಗೆ ಅಡಿಯಿಂದ ಮುಡಿಯವರೆಗೂ ಉರಿಯಿತು. ಮಾರನೆ ದಿನ ಅತ್ತೆಯ ಪುಸ್ತಕವನ್ನು ಹಳದಿ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಮಗಳ ಜೊತೆ ನಾನೇ ಹೋದೆ. ಕಾರ್ಡು ನೋಡಿಕೊಳ್ಳುತ್ತಿದ್ದ ಮಿಸ್ ಕೆಟ್ಟವರೇನಲ್ಲ. ಪುಸ್ತಕ ತಿರುಗಿಸಿ ನೋಡಿದರು, ಹೊಲಿಗೆಯ ದಾರ ಎಳೆದು ನೋಡಿದರು. “ಇದು ಪೇಪರ್ ಕಟಿಂಗ್ ಅಲ್ವಾ ಮೇಡಂ? ಪ್ರಕಾಶಕರೇ ಇಲ್ಲ. ಸ್ಪಾನ್ಸರ್ ಒಪ್ಪಲ್ಲ” ಅಂತ ತಮಿಳಿನಲ್ಲಿ ಹೇಳಿದರು.

“ಪ್ರಕಾಶಕರು ನಮ್ಮತ್ತೆ. ಬೇಕಾದರೆ ಕರೆದುಕೊಂಡು ಬರುತ್ತೇನೆ” ಅಂದೆ ನಾನೂ ತಮಿಳಿನಲ್ಲೇ.

“ನನಗೆ ಕನ್ನಡ ಬರಲ್ಲ. ಇದರಲ್ಲೇನಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?”

“ಉಳಿದ ಇಪ್ಪತ್ತೊಂಬತ್ತರಲ್ಲಿ ಏನಿತ್ತು ಅಂತ ನೀವು ಓದಿ ನೋಡಿದಿರಾ?”

ಮಿಸ್ ನಕ್ಕರು. ಆಮೇಲೆ ದನಿ ತಗ್ಗಿಸಿ, “ಯಾಕೆ ಮೇಡಂ ಜಗಳ? ಆ ಸಾಲು ಹೊಡೆದು ಕೆಳಗೆ ಯಾವುದಾದರೂ ಇಂಗ್ಲಿಷ್ ಪುಸ್ತಕದ ಹೆಸರು ಬರೆದು ಸಹಿ ಹಾಕಿ. ನಾನೇ ಟಿಕ್ ಹಾಕ್ತೀನಿ. ಮಗು ಪಾಪ ಮೆಡಲ್ ತಗೊಳ್ಳಲಿ” ಅಂತ ತಮ್ಮ ಪೆನ್ನನ್ನೇ ನನ್ನ ಕೈಗೆ ಕೊಟ್ಟರು.

ಸುಳ್ಳು ಬರೆದರೆ ನಡೆಯುತ್ತದೆ, ನಿಜ ಬರೆದರೆ ಕೆಂಪು ಗೀಟು. ಇದನ್ನು ಅವರ ಮುಖಕ್ಕೇ ಹೇಳಿದೆ ಅಂತ ಬರೆಯಲು ಆಸೆ. ಆದರೆ ನಾನು ಪೆನ್ನು ತೆಗೆದುಕೊಂಡೆ. ಕ್ಯಾಪು ತೆಗೆದೆ. ಯಾವ ಹೆಸರು ಬರೆಯಲಿ ಅಂತ ಯೋಚಿಸುತ್ತಲೂ ಇದ್ದೆ.

“ಅಮ್ಮಾ, ಬೇಡ” ಅಂದಳು ಮಗಳು, ತಮಿಳಿನಲ್ಲೇ. ಮೇಜಿನ ಮೇಲಿದ್ದ ಮಿಸ್‌ನ ಕೆಂಪು ಪೆನ್ನು ಎತ್ತಿಕೊಂಡು ಕಾರ್ಡನ್ನು ತನ್ನ ಕಡೆ ಎಳೆದಳು. ಐದನೇ ಸಾಲು ಹೊಡೆದಳು. “ಇದು ಚಿತ್ರ ಮಾತ್ರ ನೋಡಿದೆ.” ಏಳನೇದು. “ಇದು ಕೊನೇ ಪುಟ ಮಾತ್ರ.” ಹತ್ತು, ಹನ್ನೊಂದು, ಹನ್ನೆರಡು. “ಇದು ಓದೇ ಇಲ್ಲ. ಇದೂ ಓದಿಲ್ಲ.” ಹದಿಮೂರು ಸಾಲು ಹೊಡೆದಳು. ಅವಳು ಗೀಟು ಎಳೆಯುತ್ತಿದ್ದದ್ದು ಸಾಲಿನ ಈ ತುದಿಯಿಂದ ಆ ತುದಿಗೆ, ಹದಿಮೂರು ಸಲವೂ ನನ್ನ ಸಹಿಯ ಮೇಲೆ. ಸಿಟ್ಟಿನಿಂದಲ್ಲ, ಹೋಂವರ್ಕ್ ತಿದ್ದುವ ಹಾಗೆ. ಮಿಸ್ ನನ್ನನ್ನು ನೋಡಿದರು. ನ್ಯಾಯ ಕೇಳಲು ಬಂದ ನಾನು ಎಲ್ಲಿ ಮುಖ ಮುಚ್ಚಿಕೊಳ್ಳಲಿ? ಭೂಮಿ ಬಾಯಿ ಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

“ಹೀಗೆ ಮಾಡಿದರೆ ಎರಡನೇ ಪಿಜ್ಜಾನೂ ಇಲ್ಲಮ್ಮಾ” ಅಂದರು ಮಿಸ್.

“ತಿಂದಾಗಿದೆ ಮಿಸ್” ಅಂದಳು. ಅಜ್ಜಿಯ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ಅವತ್ತು ಕ್ಲಾಸಿಗೆ ಕಳಿಸಲು ನನಗೆ ಮನಸ್ಸಾಗಲಿಲ್ಲ, ಮನೆಗೆ ಕರೆದುಕೊಂಡು ಹೊರಟೆ. ಬಸ್ ಸ್ಟಾಪಿನಲ್ಲಿ ನಿಂತ ಮೇಲೆ ಅಳು ಬಂತು ಅವಳಿಗೆ, ಎಷ್ಟಂದರೂ ಒಂಬತ್ತು ವರ್ಷ. ಮೆಡಲ್ ಬೇಕಿತ್ತು ಅಂತ ಬಿಕ್ಕಿಬಿಕ್ಕಿ ಅತ್ತಳು. ನಾನು ಉಪದೇಶ ಮಾಡಲಿಲ್ಲ, ಯಾವ ಬಾಯಲ್ಲಿ ಮಾಡಲಿ? ತಬ್ಬಿಕೊಂಡು ನಿಂತೆ. ಎರಡು ಬಸ್ಸು ಹೋದವು. ಆಮೇಲೆ ಕಣ್ಣೊರೆಸಿಕೊಂಡು, ಯಾವತ್ತೂ ನನ್ನ ಜೊತೆ ತಮಿಳಿನಲ್ಲೇ ಮಾತಾಡುವವಳು ಕನ್ನಡದಲ್ಲಿ ಹೇಳಿದಳು:

“ಅಮ್ಮಾ, ಅಜ್ಜಿ ಹತ್ರ ಹೇಳ್ಬೇಡ.”

“ಮೆಡಲ್ ಬರಲಿಲ್ಲ ಅಂತಾನಾ?”

“ಅದು ಹೇಳು, ಪರವಾಗಿಲ್ಲ. ಅದು ಪುಸ್ತಕ ಅಲ್ಲ ಅಂದ್ರಲ್ಲ, ಅದನ್ನ ಹೇಳ್ಬೇಡ.”

ಎಷ್ಟೋ ಜನ ನನಗೆ ಹೇಳಿದ್ದಾರೆ, ಏನೇ ಆದರೂ ಆ ಕಾರ್ಡಿನಿಂದ ಮಕ್ಕಳು ಓದಿದರಲ್ಲ ಅಂತ. ಹೇಳಿಕೊಳ್ಳಲಿ. ಅವರ ಮನೆಯಲ್ಲಿ ಐದು ಗಂಟೆಗೆ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಯಾರೂ ಕಾದಿರಲಿಕ್ಕಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಚಪ್ಪಲಿಯ ಸದ್ದಿಗೇ ಮುಖ ಎತ್ತಿದರು.

“ಏನಂದ್ರೇ ಸ್ಕೂಲಲ್ಲಿ?”

“ಮೆಡಲ್ ಬೇರೆಯವರಿಗೆ ಅಂತೆ ಅತ್ತೆ.”

“ಹೋಗ್ಲಿ ಬಿಡು. ಪುಸ್ತಕ ನೋಡಿದ್ರಾ?”

“ನೋಡಿದರು. ಇಷ್ಟು ದಪ್ಪ ಪುಸ್ತಕ ಇಡೀ ಸ್ಕೂಲಿನಲ್ಲಿ ಯಾರೂ ಓದಿಲ್ಲ ಅಂದರು.”

ಅತ್ತೆ ಕೈ ಚಾಚಿ ಪುಸ್ತಕ ಇಸಿದುಕೊಂಡು ಬೆನ್ನಿನ ದಾರವನ್ನು ಬೆರಳಿನಲ್ಲಿ ಸವರಿದರು. “ಹೊಲಿಗೆ ನೋಡಿ ಏನಾದ್ರೂ ಅಂದ್ರಾ?”

ಮಗಳು ನನ್ನ ಸೆರಗು ಹಿಡಿದಳು. “ಅಂಗಡಿ ಪುಸ್ತಕಕ್ಕೂ ಇಷ್ಟು ಗಟ್ಟಿ ಹೊಲಿಗೆ ಇರಲ್ಲ ಅಂದರು ಅತ್ತೆ” ಅಂದೆ. ಅವರ ಮುಖ ಅರಳಿದ್ದನ್ನು ನೋಡಿದೆ. ಹದಿಮೂರು ಸುಳ್ಳು ಸಹಿಗೆ ನಾಚಿಕೊಂಡು ಬಂದವಳು ನಾನು, ಈ ಸುಳ್ಳಿಗೆ ನಾಚಲಿಲ್ಲ. ಇವತ್ತಿಗೂ ಇಲ್ಲ.