ಡಾಕ್ಟರರ ಐದನೇ ಸ್ಟೆತಾಸ್ಕೋಪು

ಮೊನ್ನೆ ಅಂಗಡಿಯ ಅಟ್ಟ ಸ್ವಚ್ಛ ಮಾಡುವಾಗ ಹಳೆಯದೊಂದು ರಟ್ಟಿನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ನಮ್ಮ ಬಿಸಿಲಿಗೆ ಬೆಂದ ರಬ್ಬರಿನ ವಾಸನೆ ಮೂಗಿಗೆ ಹೊಡೆಯಿತು. ಒಳಗೆ ನಾಲ್ಕು ಸ್ಟೆತಾಸ್ಕೋಪುಗಳಿದ್ದವು. ನಾಲ್ಕನ್ನೂ ಒಬ್ಬರೇ ಒಯ್ದು, ಒಬ್ಬರೇ ವಾಪಸು ತಂದು ಕುಕ್ಕಿದ್ದರು. ಅವರು ಕಮಲಾಪುರದ ಡಾಕ್ಟರು...

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಮ್ಮದು ಆಸ್ಪತ್ರೆ ಸಾಮಾನಿನ ಅಂಗಡಿ. ಡಾಕ್ಟರು ತಿಂಗಳಿಗೊಮ್ಮೆ ಬಸ್ಸಿಳಿದು ಬರುತ್ತಿದ್ದರು. ಕೈಯಲ್ಲಿ ಪೇಷಂಟುಗಳು ಕೊಟ್ಟ ಕೆಂಪು ಬಾಳೆಹಣ್ಣಿನ ಚೀಲ. ಹಣ್ಣೂ ನನಗೆ, ಬೈಗುಳವೂ ನನಗೇ. ಮೊದಲನೆಯ ಸ್ಟೆತಾಸ್ಕೋಪು ತೀರ ಹಗುರ ಅಂದರು, ಎರಡು ಬದಿಯ ಬಿಲ್ಲೆ ಇದ್ದ ಭಾರದ್ದನ್ನು ಕೊಟ್ಟೆ. ಅದರ ನಳಿಕೆ ಉದ್ದವಾಯಿತು, ಸಪ್ಪಳ ದಾರಿಯಲ್ಲೇ ದಣಿಯುತ್ತದೆ ಅಂದರು, ಗಿಡ್ಡ ನಳಿಕೆಯದ್ದನ್ನು ಕೊಟ್ಟೆ. ಅದು ಕಿವಿಗೆ ಚುಚ್ಚಿತಂತೆ, ಮೆತ್ತನೆ ಗುಂಡಿಯದ್ದನ್ನು ಕೊಟ್ಟೆ. ಅದನ್ನೂ ತಂದು, "ಏನ್ ಮಾಲ್ ಇಡ್ತೀಯಪಾ ನೀ? ಒಂದರಾಗೂ ಎದಿ ಸಪ್ಪಳ ಕೇಳವಲ್ದು" ಎಂದರು. ಕುಣಿಯಲು ಬಾರದವಳು ಅಂಗಳ ಡೊಂಕು ಅಂದಳಂತೆ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಪ್ರತಿ ಸಲವೂ ಪರೀಕ್ಷೆ ನಡೆಯುತ್ತಿದ್ದುದು ನನ್ನ ಎದೆಯ ಮೇಲೆ. ಗಿರಾಕಿಗಳೆದುರೇ ಅಂಗಿಯ ಗುಂಡಿ ಬಿಚ್ಚಿಸಿ, ಮುಂದೆ ಎರಡು ಕಡೆ, ಬೆನ್ನಿಗೊಂದು ಕಡೆ ಬಿಲ್ಲೆ ಒತ್ತಿ, "ಕುದುರಿ ಅದ, ಕುದುರಿ!" ಎಂದು ಬೆನ್ನು ಚಪ್ಪರಿಸುತ್ತಿದ್ದರು. ಪುಕ್ಕಟೆ ತಪಾಸಣೆ ಎಂದು ನಾನೂ ಹಿಗ್ಗುತ್ತಿದ್ದೆ.

ಐದನೆಯದು ಕರೆಂಟಿನಲ್ಲಿ ಚಾರ್ಜ್ ಮಾಡುವಂಥದ್ದು. ಎದೆಯ ಸಪ್ಪಳವನ್ನು ಎಷ್ಟೋ ಪಟ್ಟು ದೊಡ್ಡದು ಮಾಡಿ ಕೇಳಿಸುತ್ತದೆ, ಫೋನಿನ ಪರದೆಯ ಮೇಲೆ ಗೆರೆ ಎಳೆದೂ ತೋರಿಸುತ್ತದೆ. ಅದನ್ನು ಕಲಿಸಿಕೊಡಲು ಸಂತೆಯ ದಿನ ನಾನೇ ಕಮಲಾಪುರಕ್ಕೆ ಹೋದೆ.

ದವಾಖಾನೆಯ ಹೊರಗೆ ಬೆಂಚಿನ ಮೇಲೆ ಕೂತಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಒಳಗೆ ಹೋದವರೆಲ್ಲ ಒದರುತ್ತಿದ್ದರು. "ಮೂರು ದಿನದಿಂದ ಹೊಟ್ಟಿ ಸಾಫ್ ಆಗಿಲ್ಲರೀ!" ಎಂದು ಒಬ್ಬ ಗೃಹಸ್ಥರು ಇಡೀ ಸಂತೆಗೆ ಸಾರಿದರು. ಪಕ್ಕದಲ್ಲಿದ್ದ ಮುದುಕಿಯನ್ನು ಕೇಳಿದೆ, "ಯಾಕ ಆಯಿ, ಒಳಗ ಜಗಳ ನಡದದೇನು?"

ಆಕೆ ಬಾಯಿಗೆ ಸೆರಗು ಹಿಡಿದು ಪಿಸುಗುಟ್ಟಿದಳು. "ಡಾಕ್ಟ್ರಿಗಿ ಕಿವಿ ಕೇಳಂಗಿಲ್ಲೋ ಯಪ್ಪಾ. ಊರಿಗೆಲ್ಲಾ ಗೊತ್ತದ. ನಮಗ ಗೊತ್ತದ ಅನ್ನೂದು ಅವ್ರಿಗಷ್ಟ ಗೊತ್ತಿಲ್ಲ. ನೀ ಹೇಳಬ್ಯಾಡ, ಮನಸಿಗಿ ಹಚ್ಕೋತಾರ."

"ಮತ್ತ ಎದಿ ಹ್ಯಾಂಗ ನೋಡ್ತಾರ?"

"ಎದಿ ಬ್ಯಾನಿ ಇದ್ರ ನಾವು ಸುಮ್ಮನ ಕಲಬುರಗಿಗಿ ಹೋಗ್ತೀವಿ. ಜ್ವರ, ನೆಗಡಿಗಿ ಇವ್ರ ಕೈಗುಣ ಛಲೋ ಅದ. ಆದ್ರ ಎದಿಗಿ ನಳಿ ಹಚ್ಚಿಸ್ಕೊಂಡೇ ಹೋಗ್ತೀವಿ. ಇಲ್ಲಂದ್ರ ಬೇಜಾರ ಮಾಡ್ಕೋತಾರ."

ನನಗೆ ನಗು ತಡೆಯಲಾಗಲಿಲ್ಲ. ನಾಲ್ಕು ಸ್ಟೆತಾಸ್ಕೋಪುಗಳ ಮೇಲಿದ್ದ ಆರೋಪ ಆ ಗಳಿಗೆಯಲ್ಲೇ ಬಿದ್ದುಹೋಯಿತು.

ಪೇಷಂಟುಗಳೆಲ್ಲ ಹೋದ ಮೇಲೆ ಡಾಕ್ಟರ ಕಿವಿಗೆ ಹೊಸದನ್ನು ಹಾಕಿಸಿದೆ. ಬಿಲ್ಲೆ ಎಂದಿನಂತೆ ನನ್ನ ಎದೆಗೇ ಬಂತು. "ಅಬಬಬ! ಹಲಗಿ ಬಡದಂಗ ಕೇಳಸ್ತದಲೋ!" ಎಂದು ಅವರ ಮುಖ ಅರಳಿತು. ಆಮೇಲೆ ಬಿಲ್ಲೆಯನ್ನು ಸ್ವಲ್ಪ ಸರಿಸಿದರು. ಇನ್ನೂ ಸ್ವಲ್ಪ ಸರಿಸಿದರು. ನಗು ನಿಂತಿತು... "ಉಸುರು ಹಿಡಿ" ಅಂದರು. ಹಿಡಿದೆ. ಬಹಳ ಹೊತ್ತು ಬಿಡು ಅನ್ನಲೇ ಇಲ್ಲ.

"ನಡುವ ಸುಂಯ್ ಅಂತದ. ವಾಲ್ವ್ ಸೋರಾಕತ್ತದ, ತಮ್ಮಾ. ಇದು ನಿನ್ನಿ ಮೊನ್ನಿದಲ್ಲ" ಎಂದು ಕುರ್ಚಿಯಲ್ಲಿ ಕುಸಿದರು. "ನಾಲ್ಕು ಸಲ ನೋಡೀನಿ. ನಾಲ್ಕೂ ಸಲ ಕುದುರಿ ಅಂದೀನಿ."

ಕಲಬುರಗಿಯ ಹೃದಯದ ಡಾಕ್ಟರೂ ಅದನ್ನೇ ಹೇಳಿದರು. ಆಪರೇಷನ್ ಆಯಿತು, ನಾನು ಉಳಿದೆ. ನಮ್ಮ ಡಾಕ್ಟರಿಗೆ ಮಾತ್ರ ಊಟ ರುಚಿಸದಾಯಿತು. ಇನ್ನೆಷ್ಟು ಮಂದಿಯ ಎದೆಯಲ್ಲಿ ಏನೇನು ತಪ್ಪಿಸಿಕೊಂಡಿದೆಯೋ ಎಂಬ ಹಳಹಳಿ. ಹೊಸ ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಂಡು ಹಳೆಯ ಪೇಷಂಟುಗಳ ಮನೆಮನೆಗೆ ಹೊರಟರು. ಎಲೆಕ್ಷನ್ನಿಗೆ ನಿಲ್ಲುತ್ತಾರೆ ಎಂದು ಮೊದಲು ಊರೆಲ್ಲ ಸುದ್ದಿ. ಆಮೇಲೆ ವಿಷಯ ತಿಳಿದು ಎಲ್ಲರೂ ವರ್ಷಗಟ್ಟಲೆಯಿಂದ ನುಂಗುತ್ತಿದ್ದ ಕಲಬುರಗಿಯ ಮಾತ್ರೆ ಡಬ್ಬಿ ಅಡಗಿಸಿಟ್ಟು ಎದೆಯೊಡ್ಡಿದರು. ಎಲ್ಲಾದರೂ ಸುಂಯ್ ಕೇಳಿದರೆ, "ಹೋದ ತಿಂಗಳದಿಂದ ಅಷ್ಟೇ ರೀ, ಕಲಬುರಗ್ಯಾಗ ತೋರಿಸೀವಿ" ಎಂದು ಸುಳ್ಳು ಹೇಳಿ ಅವರ ಮಾನ ಉಳಿಸಿದರು. ಇಡೀ ಜಿಲ್ಲೆಯಲ್ಲಿ ಆ ಕಿವಿಯನ್ನು ನಂಬಿ ಮೋಸಹೋದ ದಡ್ಡ ನಾನೊಬ್ಬನೇ, ಅದೂ ಸ್ಟೆತಾಸ್ಕೋಪು ಮಾರುವವನು!

ಕೊನೆಯ ಮನೆ ಮುಗಿದ ದಿನ ದವಾಖಾನೆಗೆ ಬೀಗ ಹಾಕಿದರು. "ಈಗ ಕೇಳಸ್ತದಲ್ಲರೀ ಸಾಹೇಬ್ರ" ಎಂದು ಪರಿಪರಿಯಾಗಿ ಹೇಳಿದೆ. "ಕೇಳಸ್ತದ. ನನ್ನ ಮ್ಯಾಲ ನನಗ ಭರೋಸಾ ಹೋಗ್ಯಾದ" ಎಂದರು. ಅವರಿಗೆ ಆ ಯಂತ್ರ ಮಾರಿದ್ದಕ್ಕೆ ಅಂದು ನನಗೆ ಸಂಕಟವಾಯಿತು. ಅದರಿಂದಲೇ ಬದುಕಿದವನೂ ನಾನೇ, ಯಾರಿಗೆ ಹೇಳುವುದು?

ಆಮೇಲೆ ಅವರು ಕಲಬುರಗಿಯ ಗಾಜಿಪುರ ಬಡಾವಣೆಯಲ್ಲಿ ಮಗಳ ಮನೆಯಲ್ಲಿದ್ದರು. ನಾನು ಕೊನೆಯ ಸಲ ಹೋದಾಗ ಹತ್ತಿರ ಕರೆದು, ಅತ್ತಿತ್ತ ನೋಡಿ ಕೇಳಿದರು, "ನನ್ನ ಕಿವಿ ವಿಷಯ ಊರಾಗ ಯಾರಿಗೂ ಗೊತ್ತಾಗಿಲ್ಲಲ್ಲ?"

"ಯಾರಿಗೂ ಗೊತ್ತಿಲ್ಲರೀ!" ಎಂದೆ, ಇಡೀ ಗಾಜಿಪುರಕ್ಕೆ ಕೇಳುವಷ್ಟು ಜೋರಾಗಿ. ಅವರು ಸಮಾಧಾನದಿಂದ ತಲೆಯಾಡಿಸಿದರು. ಮುಂದಿನ ವಾರವೇ ಹೋಗಿಬಿಟ್ಟರು...

ಈಗ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತೇನೆ. ಈ ಸಲವೂ ಎಲ್ಲ ಸರಿಯಿದೆ ಅಂದರು. ಖುಷಿಯಾಯಿತು. ಒದರಿ ಹೇಳೋಣವೆಂದರೆ ನಮ್ಮ ಡಾಕ್ಟರೇ ಇಲ್ಲ.