ಕುಬೆನಾನ ಹಂದಿಗೆ ತಕ್ಕ ಗುಂಡು

ಎಡ್ವಿನ್ ಕುಬೆನಾ ಬಿತ್ತಿದ ಮೆಕ್ಕೆಜೋಳವನ್ನು ಕಾಡುಹಂದಿಗಳು ಎರಡನೆಯ ಸಲವೂ ತಿಂದು ಮುಗಿಸಿದ್ದವು. ಚೆಲ್ಲಾಪಿಲ್ಲಿ ಮಾಡಿ ತಿಂದಿದ್ದರೆ ಅವನಿಗೆ ಅಷ್ಟು ಉರಿಯುತ್ತಿರಲಿಲ್ಲ. ಬಿತ್ತನೆ ಯಂತ್ರ ಹೋದ ಗೆರೆಯಲ್ಲೇ ಮೂತಿ ಊರಿ, ಒಂದು ಕಾಳನ್ನೂ ಬಿಡದೆ ಹೆಕ್ಕಿ, ಸಾಲಿನ ತುದಿ ಮುಟ್ಟಿದ ಮೇಲೆ ತಿರುಗಿ ಪಕ್ಕದ ಸಾಲು ಹಿಡಿದಿದ್ದವು. ಟೆಕ್ಸಸ್ಸಿನ ಆ ಕರಿಮಣ್ಣಿನಲ್ಲಿ ಇಷ್ಟು ನೇರವಾಗಿ ಉಳುವ ಗಂಡಸು ಹಳ್ಳದ ಆಚೀಚೆ ಇನ್ನೊಬ್ಬನಿಲ್ಲ ಎಂಬುದನ್ನು ಎಡ್ವಿನ್ ಕೂಡ ಹಲ್ಲು ಕಚ್ಚಿ ಒಪ್ಪಿಕೊಳ್ಳಬೇಕಾಯಿತು.

"ಹತ್ತಿ ಹಾಕು ಅಂತ ಬಡ್ಕೊಂಡೆ," ಎಂದಳು ಹೆಂಡತಿ ವ್ಲಾಸ್ತಾ, ತಟ್ಟೆಗೆ ಸಾಸೇಜು ಹಾಕುತ್ತ. "ಹಂದಿ ಹತ್ತಿಬೀಜಾನ ಮೂಸೂ ನೋಡಲ್ಲ."

"ನಾನು? ಹತ್ತಿ?"

ಇದರಲ್ಲಿ ಅವನ ಮಾನದ ಪ್ರಶ್ನೆಯಿತ್ತು. ಹತ್ತಿ ಬೆಳೆಯುವ ನೆರೆಯವ ಹಾರ್ಲನ್ ಶಿಮೆಕ್‌ನನ್ನು ಎಡ್ವಿನ್ ಮದುವೆಯಾದಾಗಿನಿಂದಲೂ ಒಂದೇ ಮಾತಿನಲ್ಲಿ ಹುರಿಯುತ್ತ ಬಂದಿದ್ದ: "ನಾವು ಹೊಟ್ಟೆಗೆ ಬೆಳೀತೀವಿ, ನೀನು ಬನಿಯನ್‌ಗೆ ಬೆಳೀತೀಯ." ಚರ್ಚಿನ ಮೆಟ್ಟಿಲಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಹಾರ್ಲನ್‌ನ ಮಾವನನ್ನು ಮಣ್ಣು ಮಾಡುವಾಗಲೂ ಹೇಳಿದ್ದ. ಈಗ ಮೂರನೆಯ ಬಿತ್ತನೆಗಷ್ಟೇ ಹದ ಉಳಿದಿತ್ತು. ಅದೂ ಹಂದಿಯ ಪಾಲಾದರೆ ಆ ಬನಿಯನ್ ತಿರುಗಿ ಅವನ ಕೊರಳಿಗೇ ಬೀಳುವುದಿತ್ತು. ಆದ್ದರಿಂದ ಬಿತ್ತಿದ ದಿನವೇ, ಸಂಜೆ, ಹಂದಿಗಳು ಹಳ್ಳದ ಪೊದೆಯಿಂದ ಹೊರಬರುವ ಹೊತ್ತಿಗೆ, ಯುದ್ಧ.

ಆಯುಧವೂ ಇತ್ತು. ಅಪ್ಪ ಬಿಟ್ಟುಹೋದ ಹಳೆಯ ಮೂವತ್ತು-ಮೂವತ್ತು ಅಳತೆಯ ರೈಫಲ್. ಅದರ ಗುಂಡುಗಳು ಅವನ ಕೋಟಿನ ಬಲಜೇಬಿನಲ್ಲಿ ಬಟನ್ನಿನಷ್ಟೇ ಕಾಯಂ ಆಗಿದ್ದವು. ಸುಮ್ಮನೆ ಹೋಗಿ ಹೊಲದ ಬದುವಿನ ಮೇಲೆ ಕೂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅವನು ಬೀಜ ತರಲು ಬರ್ನೀಸಳ ಮೇವಿನ ಅಂಗಡಿಗೆ ಹೋದ. ಹೋದವನು, ಹಿಂದಿನ ಕೋಣೆಯಲ್ಲಿ ಡಾಮಿನೋ ಆಡುತ್ತ ಕೂತವರಿಗೆ ಕೇಳಿಸುವಂತೆ, "ಮೂವತ್ತು-ಮೂವತ್ತು ಹಂದಿಗೆ ಸಾಕಾಗುತ್ತಾ?" ಎಂದುಬಿಟ್ಟ.

ಡಾಮಿನೋ ಬಿಲ್ಲೆಗಳ ಸದ್ದು ನಿಂತಿತು.

"ಸಾಕಾ?" ಎಂದು ಕುರ್ಚಿ ತಿರುಗಿಸಿದವನು ಲ್ಯಾಡಿ, ವ್ಲಾಸ್ತಾಳ ತಮ್ಮ. "ಭಾವ, ಗಂಡುಹಂದಿ ಹೆಗಲ ಮೇಲೆ ಏನಿರುತ್ತೆ ಗೊತ್ತಾ? ಗುರಾಣಿಯಂಥ ಚರ್ಮ! ನನ್ನ ನಲವತ್ತೈದು-ಎಪ್ಪತ್ತು ತರ್ತೀನಿ. ಹೆಬ್ಬೆರಳಿನಷ್ಟು ದಪ್ಪ ಗುಂಡು. ಒಂದು ಬಿದ್ರೆ ಮುಗೀತು."

"ಹಂದಿಯೂ ಮುಗೀತು, ಸಾಸೇಜೂ ಮುಗೀತು," ಎಂದ ಹಾರ್ಲನ್ ತಣ್ಣಗೆ. "ಉಳಿಯೋದು ಬಾಲ ಮತ್ತು ತೂತು. ಇನ್ನೂರ ನಲವತ್ತಮೂರು ತಗೋ ಮಾರಾಯ. ಸಣ್ಣ ಗುಂಡು, ಬಿರುಸಾದ ಓಟ. ಕಿವಿ ಹಿಂದೆ ಇಟ್ಟರೆ ಹಂದಿಗೆ ತಾನು ಸತ್ತಿದ್ದೇ ಗೊತ್ತಾಗಲ್ಲ."

"ಕಿವಿ ಹಿಂದೆ! ನೀನು ಕನ್ನಡಕ ಹುಡುಕೋದರೊಳಗೆ ಹಂದಿಗೆ ಮೊಮ್ಮಕ್ಕಳಾಗಿರ್ತವೆ," ಎಂದ ಲ್ಯಾಡಿ.

"ನನಗೆ ಬೀಜ ಬೇಕಿತ್ತು," ಎಂದ ಎಡ್ವಿನ್. ಯಾರೂ ಕೇಳಿಸಿಕೊಳ್ಳಲಿಲ್ಲ.

ಹಂದಿ ಹುಟ್ಟುವ ಮೊದಲಿನಿಂದ ನಡೆದುಬಂದ ಈ ವಾದ ಮಧ್ಯಾಹ್ನದವರೆಗೂ ನಡೆಯಿತು. ಏಪ್ರಿಕಾಟ್ ಹಣ್ಣಿನ ಹೂರಣದ ಕೊಲಾಚೆ ಬನ್ನುಗಳು ತಟ್ಟೆಯಿಂದ ಮಾಯವಾದವು. ಹಂದಿ ಮಾತ್ರ ಯಾರ ಗುಂಡಿಗೂ ಬೀಳಲಿಲ್ಲ. ಕೊನೆಗೆ ಬರ್ನೀಸ್ ಬೇಸತ್ತು, ತೀರಿಹೋದ ಗಂಡನ ಮುನ್ನೂರ ಎಂಟು ರೈಫಲ್ಲನ್ನೂ ಒಂದು ಡಬ್ಬಿ ಗುಂಡನ್ನೂ ಎಡ್ವಿನ್ನನ ಕೈಗಿಟ್ಟು, "ದಪ್ಪದೂ ಅಲ್ಲ, ಸಣ್ಣದೂ ಅಲ್ಲ. ಇಬ್ಬರಿಗೂ ಇಷ್ಟವಾಗಲ್ಲ, ಆದ್ದರಿಂದ ಸರಿಯಾಗಿದೆ. ಇನ್ನು ಅಂಗಡಿ ಖಾಲಿ ಮಾಡಿ," ಎಂದಳು.

ಆಮೇಲೆ ಜಾಗದ ಪ್ರಶ್ನೆ. ಲ್ಯಾಡಿಯ ದಪ್ಪ ಗುಂಡಿಗೆ ಹಂದಿ ಹತ್ತಿರ ಬೇಕು. ಹಾರ್ಲನ್‌ನ ಸಣ್ಣ ಗುಂಡಿಗೆ ಅದು ದೂರ ನಿಂತರೇ ಶೋಭೆ. ಇಬ್ಬರಿಗೂ ನ್ಯಾಯವಾಗುವಂತೆ ಅಳೆದೂ ಸುರಿದೂ, ಹೊಲದಿಂದ ದಿಬ್ಬದಾಚೆಗಿದ್ದ ದನಗಳ ಕೆರೆಯ ಏರಿಯನ್ನು ಗೊತ್ತುಮಾಡಿದರು. ಹಂದಿಗಳನ್ನು ಅಲ್ಲಿಗೆ ಸೆಳೆಯಲು ಅದರ ಮುಂದಿನ ಬಯಲಿಗೆ ಎಡ್ವಿನ್ ಒಂದು ಬಕೆಟ್ ಹುಳಿಜೋಳ ಸುರಿದ. ಬಿಯರು, ಸಕ್ಕರೆ, ಸ್ಟ್ರಾಬೆರಿ ಜೆಲ್ಲಿಪುಡಿ ಬೆರೆಸಿ ಮುಚ್ಚಳ ಬಿಗಿದು ಕೊಳೆಸಿದ ಜೋಳವದು. ಅದರ ವಾಸನೆ ಕೋಟಿಗೆ ಅಂಟಿದ್ದರಿಂದ ವ್ಲಾಸ್ತಾ ಅವನಿಗೆ ಜಗುಲಿಯಲ್ಲೇ ಊಟ ಬಡಿಸಿದ್ದಳು.

ಬಿತ್ತನೆ ಮುಗಿದ ಸಂಜೆ ಮೂವರೂ ಏರಿಯ ಮೇಲೆ ಬೋರಲಾಗಿ ಮಲಗಿದರು. ಗುಂಡು ಹಾರಿಸುವ ಸರದಿಯೂ ತೀರ್ಮಾನವಾಗಿತ್ತು: ಮೊದಲು ಲ್ಯಾಡಿ, ಆಮೇಲೆ ಹಾರ್ಲನ್, ಹೊಲದ ಯಜಮಾನ ಕೊನೆಗೆ.

"ಭಾವ, ನಿನ್ನ ಬಂದೂಕಿಗೆ ಈಗಲೇ ಗುಂಡು ತುಂಬಬೇಡ. ಕೈ ಜಾರಿ ಢಂ ಅಂದ್ರೆ ಎಲ್ಲ ಹಾಳು."

ಎಡ್ವಿನ್ ಖಾಲಿ ಬಂದೂಕನ್ನೇ ಹಿಡಿದು ಮಲಗಿದ. ಸೂರ್ಯ ಇಳಿದ. ಬೆನ್ನಿಗೆ ಸಮುದ್ರದ ಕಡೆಯ ತಂಪುಗಾಳಿ ಹಿತವಾಗಿ ಸೋಕಿತು. ಹಿತವಾಗುತ್ತಿದ್ದಂತೆಯೇ ಅವನು ತಟ್ಟನೆ ತಲೆಯೆತ್ತಿದ. ಗಾಳಿ ಬೆನ್ನಿಗಿದೆ. ಅಂದರೆ ಮೂವರ ಬೆವರು, ಲ್ಯಾಡಿಯ ಜೇಬಿನ ಸಾಸೇಜು, ಹಾರ್ಲನ್‌ನ ನೋವಿನ ಮುಲಾಮು, ಎಲ್ಲವೂ ನೇರವಾಗಿ ಹಳ್ಳದ ಪೊದೆಗೆ ಹೋಗುತ್ತಿವೆ. ಕಣ್ಣು ಮಂದವಾದ ಹಂದಿಗೆ ಇರುವುದೇ ಮೂಗು. ಗುಂಡಿನ ತೂಕ, ವೇಗ, ಗಾತ್ರ ಎಲ್ಲವನ್ನೂ ಮಾತಾಡಿದವರಲ್ಲಿ ಗಾಳಿಯ ಸುದ್ದಿ ಎತ್ತಿದವನು ಒಬ್ಬನೂ ಇರಲಿಲ್ಲ.

"ಲ್ಯಾಡಿ, ಗಾಳಿ..."

"ಶ್! ಹಂದಿಗೆ ಕೇಳುತ್ತೆ."

ಎಡ್ವಿನ್ ಎದ್ದ. ದಿಬ್ಬ ಹತ್ತಿ, ಆಚೆಗಿದ್ದ ತನ್ನ ಹೊಲದ ಕಡೆ ಓಡಿದ. ಹಂದಿಗಳೆಲ್ಲ ಅಲ್ಲೇ ಇದ್ದವು. ಹಳ್ಳದ ಇನ್ನೊಂದು ತುದಿಯಿಂದ ಸುತ್ತು ಹಾಕಿ ಬಂದು, ಬೆಳಿಗ್ಗೆ ಬಿತ್ತಿದ ಸಾಲುಗಳಲ್ಲಿ ದೊಡ್ಡ ಹೆಣ್ಣುಹಂದಿ, ಅದರ ತಂಗಿಯರು, ಮರಿಗಳು, ಬೀಗರು, ಎಲ್ಲ ಶಿಸ್ತಾಗಿ ಪಂಕ್ತಿಯಲ್ಲಿದ್ದರು. ಹೆಣ್ಣುಹಂದಿ ಎಷ್ಟು ಹತ್ತಿರವಿತ್ತೆಂದರೆ ದಪ್ಪ ಗುಂಡಾಗಲಿ ಸಣ್ಣ ಗುಂಡಾಗಲಿ, ಯಾವುದಾದರೂ ಸಾಕಿತ್ತು. ಎಡ್ವಿನ್ ಜೇಬಿಗೆ ಕೈಹಾಕಿದ, ಗುಂಡು ತೆಗೆದ, ಬಂದೂಕಿಗೆ ತುರುಕಿದ.

ಹೋಗಲಿಲ್ಲ. ಇನ್ನೊಂದು ತುರುಕಿದ. ಅದೂ ಹೋಗಲಿಲ್ಲ.

ಗುಂಡುಗಳು ಅಪ್ಪನ ಮೂವತ್ತು-ಮೂವತ್ತರವು, ಬಂದೂಕು ಬರ್ನೀಸಳ ಮುನ್ನೂರ ಎಂಟು. ಬರ್ನೀಸ್ ಕೊಟ್ಟ ಡಬ್ಬಿ ಕೆರೆಯಾಚೆ ಪಿಕಪ್ಪಿನ ಸೀಟಿನ ಮೇಲೆ ಬೆಚ್ಚಗೆ ಕೂತಿತ್ತು.

ಅಪ್ಪನ ಗುಂಡುಗಳನ್ನು ಎಡ್ವಿನ್ ಕುಬೆನಾ ಕೊನೆಗೂ ಹಂದಿಗಳ ಮೇಲೆ ಪ್ರಯೋಗಿಸಿದ. ಕೈಯಿಂದ, ಒಂದೊಂದಾಗಿ, ಬೈಗುಳದ ಸಮೇತ. ಒಂದು ಗುರಿಯನ್ನೂ ಮುಟ್ಟಿತು. ಹೆಣ್ಣುಹಂದಿ ಅದನ್ನು ಮೂಸಿ, ತಿನ್ನುವ ಪದಾರ್ಥವಲ್ಲವೆಂದು ತಿಳಿದು, ಮುಂದಿನ ಕಾಳಿಗೆ ಹೋಯಿತು. ಸಾಲು ಮುಗಿಸಿದ ಮೇಲೆಯೇ ದಂಡು ಪೊದೆಗೆ ಮರಳಿದ್ದು.

ಬೈಗುಳ ಕೇಳಿ ಲ್ಯಾಡಿ, ಹಾರ್ಲನ್ ಏದುಸಿರು ಬಿಡುತ್ತ ಬಂದರು.

"ಯಾವುದರಲ್ಲಿ ಹೊಡೆದೆ ಭಾವ?"

ಎಡ್ವಿನ್ ಸಾಲಿನಲ್ಲಿ ಬಿದ್ದಿದ್ದ ಗುಂಡುಗಳನ್ನು ಹೆಕ್ಕತೊಡಗಿದ.

ಮೆಕ್ಕೆಜೋಳದ ಹದ ಮುಗಿದಿತ್ತು. ಮರುದಿನ ಬೆಳಿಗ್ಗೆ ವ್ಲಾಸ್ತಾ ಪಿಕಪ್ಪಿನ ಕೀಲಿಯನ್ನು ಕಾಫಿ ಲೋಟದ ಪಕ್ಕ ಇಟ್ಟಳು, ಅಷ್ಟೇ. ಎಡ್ವಿನ್ ಯಾರೂ ಇರಲಾರದ ಹೊತ್ತು ನೋಡಿ ಬರ್ನೀಸಳ ಅಂಗಡಿಗೆ ಹೋದ. ಹಿಂದಿನ ಕೋಣೆ ಭರ್ತಿಯಾಗಿತ್ತು.

"ಹತ್ತಿ ಬೀಜ," ಎಂದ ಕೆಳಧ್ವನಿಯಲ್ಲಿ.

"ಯಾವ ತಳಿ?"

"ಬಾಗಿಲಿಗೆ ಹತ್ತಿರ ಇರೋ ಮೂಟೆ. ಬೇಗ."

ಡಾಮಿನೋ ಸದ್ದು ನಿಂತಿತು. ಹಾರ್ಲನ್ ಕನ್ನಡಕ ಒರೆಸಿ, ಹಾಕಿಕೊಂಡು, ಈ ಗಳಿಗೆಗಾಗಿಯೇ ಅಷ್ಟು ವರ್ಷ ಹತ್ತಿ ಬೆಳೆದವನಂತೆ ನಿಧಾನವಾಗಿ ಕೇಳಿದ:

"ಬನಿಯನ್ ಯಾವ ಸೈಜು, ಎಡ್ವಿನ್?"

"ಭಾವನಿಗೆ ದೊಡ್ಡದೇ ಬೇಕು," ಎಂದ ಲ್ಯಾಡಿ. "ಹೊಟ್ಟೆ ನೋಡು."

"ಏನೂ ಬೇಡ, ನಡುವಿನ ಅಳತೆ ಸಾಕು. ಹತ್ತಿ ಹಿಗ್ಗುತ್ತೆ ಮಾರಾಯ."

"ಹಿಗ್ಗುತ್ತಾ? ಒಂದು ಸಲ ಒಗೆದು ನೋಡು!"

ಎಡ್ವಿನ್ ಮೂಟೆ ಹೆಗಲಿಗೇರಿಸಿ ಬಾಗಿಲು ದಾಟುವಾಗಲೂ ಒಳಗೆ ಅವನ ಎದೆಯ ಸುತ್ತಳತೆಯ ವಾದ ನಡೆದೇ ಇತ್ತು.